ವಾಪಸ್ ಬಂದ ಕಿರೀಟ

ಕಿರೀಟ ಪುಕ್ಕಟೆಯಾಗಿ ಬಂದದ್ದೇ ತಪ್ಪಾಯಿತು. ದುಡ್ಡು ಕೇಳಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಒಂದು ಕಾಲದಲ್ಲಿ ನಮ್ಮನ್ನು ಆಳಿದವರು, ನೂರಿಪ್ಪತ್ತು ವರ್ಷದ ಹಿಂದೆ ಒಪ್ಪಂದ ಬರೆಸಿಕೊಂಡು ನಮ್ಮ ಕೊನೆಯ ರಾಜನ ತಲೆಯಿಂದ ಇಳಿಸಿಕೊಂಡು ಹೋಗಿದ್ದ ಚಿನ್ನದ ಕಿರೀಟ ಅದು. ಈಗ ಆ ದೇಶದ ಪ್ರತಿನಿಧಿಯೊಬ್ಬ ಅದನ್ನು ಮರದ ಪೆಟ್ಟಿಗೆಯಲ್ಲಿ ತಂದು, ಬೆಳಿಗ್ಗೆ ಹತ್ತಕ್ಕೆಲ್ಲ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ನಿಂತಿದ್ದ. ರಸೀದಿಗೆ ಸಹಿ ಹಾಕುವ ಕೆಲಸ ಉಗ್ರಾಣದ ಗುಮಾಸ್ತನ ತಲೆಗೆ ಬಿತ್ತು. ಹನ್ನೊಂದು ವರ್ಷದಿಂದ ಅವನದು ಹಂಗಾಮಿ ನೌಕರಿ. "ಇದನ್ನ ಸಂಜೆಯೊಳಗೆ ಗಲಾಟೆ ಇಲ್ದೆ ಮುಗಿಸು, ನಾಳೇನೇ ನಿನ್ನ ಕಾಯಂ ಮಾಡ್ತೀನಿ" ಎಂದಿದ್ದರು ಸಾಹೇಬರು.

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ. ಟೈಪಿಸ್ಟ್ ಅಕ್ಕ ಅವನನ್ನು ಮೂಲೆಗೆ ಎಳೆದಳು.

"ಸ್ವಲ್ಪ ತಡಿಯೋ. ಅವ್ರು ಸುಮ್ಸುಮ್ನೆ ಏನಾದ್ರೂ ಕೊಟ್ಟಿದ್ದುಂಟಾ? ನಮ್ಮ ಮುತ್ತಾತಂದಿರೂ ಹೀಗೇ ಓದ್ದೆ ಸಹಿ ಹಾಕಿ ದೇಶ ಕಳ್ಕೊಂಡ್ರು."

ಕಾವಲುಗಾರನೂ ಬಂದು ಸೇರಿಕೊಂಡ. "ಅವ್ನು ನಮ್ಮ ಭಾಷೆ ನಮಗಿಂತ ಚೆನ್ನಾಗಿ ಆಡ್ತಾನೆ. ಏನೂ ಮಸಲತ್ತಿಲ್ದೆ ಯಾರಾದ್ರೂ ಅಷ್ಟು ಕಷ್ಟಪಟ್ಟು ಕಲೀತಾರಾ?"

ಗುಮಾಸ್ತ ಹೆಂಡತಿಗೆ ಫೋನ್ ಮಾಡಿದ. "ಅಸಲಿ ಅಲ್ಲೇ ಇಟ್ಕೊಂಡು ನಕಲಿ ತಂದಿರ್ತಾರೆ" ಎಂದಳು ಆಕೆ. "ಸಹಿ ಹಾಕಿ ಸಿಕ್ಕಿಬಿದ್ರೆ ಕಾಯಂ ಆಗೋದು ಜೈಲಲ್ಲೇ."

ಗುಮಾಸ್ತ ಪೆನ್ನಿನ ಮುಚ್ಚಳ ಮತ್ತೆ ಹಾಕಿದ. ಪ್ರತಿನಿಧಿಯಾದರೋ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತ, "ಅವಸರ ಇಲ್ಲ, ನಿಧಾನವಾಗಿ ನೋಡಿ" ಎಂದ. ಆ ನಿಧಾನ ಕಂಡು ಗುಮಾಸ್ತನ ಅನುಮಾನ ಇನ್ನಷ್ಟು ಬಲವಾಯಿತು. ಎದುರು ಬೀದಿಯ ಅಕ್ಕಸಾಲಿಯನ್ನು ಕರೆಸಿದ.

ಅಕ್ಕಸಾಲಿ ಕನ್ನಡಕ ಏರಿಸಿ, ಕಿರೀಟದ ಅಂಚನ್ನು ಒರೆಗಲ್ಲಿಗೆ ಉಜ್ಜಿದ. ಇನ್ನೊಮ್ಮೆ ಉಜ್ಜಿದ. "ಹಿತ್ತಾಳೆ. ಮೇಲೆ ಚಿನ್ನದ ನೀರು ಕುಡಿಸಿದಾರೆ" ಎಂದ.

ಗುಮಾಸ್ತ ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದೆಯುಬ್ಬಿಸಿ ನಿಂತ. ರಸೀದಿಯನ್ನು ಪಕ್ಕಕ್ಕೆ ತಳ್ಳಿ, 'ಈ ಕಿರೀಟ ನಕಲಿ' ಎಂದು ತನ್ನ ಕೈಯಾರೆ ಬರೆದು, ಸಹಿ ಮಾಡಿ, ಕಚೇರಿಯ ಮೊಹರು ಒತ್ತಿದ. ಸುದ್ದಿ ಕೇಳಿ ಸಾಹೇಬರು ಓಡಿಬಂದರು. ಟೈಪಿಸ್ಟ್ ಅಕ್ಕ ಗೆದ್ದವಳಂತೆ ಪ್ರತಿನಿಧಿಯ ಮುಖ ನೋಡಿದಳು.

ಪ್ರತಿನಿಧಿ ಆ ಕಾಗದವನ್ನು ಎರಡು ಸಲ ಓದಿ, ಜೋಪಾನವಾಗಿ ಮಡಚಿ ಒಳಜೇಬಿಗೆ ಹಾಕಿಕೊಂಡ.

"ತುಂಬಾ ಉಪಕಾರ ಆಯ್ತು. ನಮ್ಮೋರು ಇದನ್ನ ಹೋದ ವರ್ಷವೇ ಕಂಡುಹಿಡಿದ್ರು. ಆದ್ರೆ ನಿಮ್ಮ ರಾಜ ಆವತ್ತೇ ನಕಲಿ ಕೊಟ್ಟು ನಮಗೆ ಟೋಪಿ ಹಾಕಿದಾನೆ ಅಂತ ನಾವು ಹೇಳಿದ್ರೆ ಯಾರು ನಂಬ್ತಾರೆ? ನಿಮ್ಮ ಕೈಲೇ ಬರೆಸ್ಕೊಂಡು ಬಾ ಅಂತ ಕಳಿಸಿದ್ರು. ನೀವು ಅಸಲಿ ಅಂತ ಸಹಿ ಹಾಕಿದ್ರೆ ನಾವೂ ಮರ್ಯಾದೆಯಿಂದ ಬಾಯಿ ಮುಚ್ಕೊಂಡು ಹೋಗ್ತಿದ್ವಿ." ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದುನಿಂತ. "ಈಗ ಹೇಳಿ, ಆ ಹಳೇ ಒಪ್ಪಂದದ ಪ್ರಕಾರ ಅಸಲಿ ಕಿರೀಟ ಯಾವಾಗ ಕೊಡ್ತೀರಿ?"

ಟೈಪಿಸ್ಟ್ ಅಕ್ಕ ಟೈಪ್ ಮಾಡಲು ಹೋದಳು. ಕಾವಲುಗಾರ ಗೇಟಿನ ಕಡೆ ನಡೆದ.

ಸಾಹೇಬರು ಗುಮಾಸ್ತನ ಮುಂದೆ ಉಗ್ರಾಣದ ಬೀಗದಕೈ ಗೊಂಚಲು ಇಟ್ಟರು.

"ಹುಡುಕಪ್ಪ. ಅದು ಸಿಕ್ಕಿದ ದಿನಾನೇ ನಿನ್ನ ಕಾಯಂ ಮಾಡ್ತೀನಿ."