ಮೊಟ್ಟೆಗಿಂತ ಹಗುರವಾದ ಹಿಡಿ

ಹೆಬ್ಬೆರಳಿನ ಬುಡದ ಕೀಲು ಸವೆಯುತ್ತದೆ. ಮನೆಯವರಿಗೆಲ್ಲ ಹಿಟ್ಟು ನಾದಿ, ಬಟ್ಟೆ ಹಿಂಡಿ, ಗಂಡನ ಅಂಗಿಗೆ ಗುಂಡಿ ಹೊಲಿದ ಕೈಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ, ನಿಮ್ಮ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಈಚೆಗೆ ಯಾರು ತಿರುಗಿಸುತ್ತಿದ್ದಾರೆ, ಯಾರು ಸುಮ್ಮನೆ ನಿಮ್ಮ ಮುಂದೆ ತಂದಿಡುತ್ತಿದ್ದಾರೆ ಎಂದು ಒಮ್ಮೆ ಗಮನಿಸಿ.

ನಮ್ಮ ಮೊಂಟಾನಾದ ಈ ಕಣಿವೆಯಲ್ಲಿ ಪ್ರತಿ ನವೆಂಬರ್‌ನಲ್ಲಿ ಅಗ್ನಿಶಾಮಕ ದಳದವರು ಗುರಿ ಹೊಡೆಯುವ ಪಂದ್ಯ ನಡೆಸುತ್ತಾರೆ. ಗೆದ್ದವರಿಗೆ ಹೊಗೆಯಲ್ಲಿ ಹದ ಮಾಡಿದ ಒಂದು ಇಡೀ ಹಂದಿ ತೊಡೆ. ನನ್ನ ಹೆಂಡತಿ ವರ್ನಾ ಅದನ್ನು ಹಲವು ಸಲ ಗೆದ್ದಿದ್ದಾಳೆ. ನಾನು ಹಲವು ಸಲ ತಿಂದಿದ್ದೇನೆ. (ದಾಂಪತ್ಯದಲ್ಲಿ ಶ್ರಮವಿಭಜನೆ ಮುಖ್ಯ.) ಆದರೆ ಕಳೆದ ವರ್ಷ ಅವಳು ರೈಫಲ್ ಮುಟ್ಟಲೇ ಇಲ್ಲ. ಆಪಲ್ ಪೈ ಮಾರುವ ಮೇಜಿನ ಹಿಂದೆ ನಿಂತು, ಗುಂಡಿನ ಸದ್ದು ಕೇಳಿದಾಗಲೆಲ್ಲ ಗುರಿಹಲಗೆಯ ಕಡೆ ಕತ್ತು ಚಾಚುತ್ತಿದ್ದಳು. ಅದನ್ನು ನೋಡಿದ ಮೇಲೆ ಪೈ ನನ್ನ ಗಂಟಲಲ್ಲಿ ಇಳಿಯಲಿಲ್ಲ. (ಎರಡನೆಯ ತುಂಡು ಇಳಿಯಲಿಲ್ಲ ಎನ್ನಿ.)

ಈ ಸೆಪ್ಟೆಂಬರ್‌ನಲ್ಲಿ ಒಂದು ದಿನ ಅವಳೇ ಬಾಯಿ ಬಿಟ್ಟಳು.

"ಎಲ್ಡನ್, ನನ್ನ ರೈಫಲ್ ಮುಂದುಗಡೆ ಹಿಡ್ಕೊಳ್ಳೋಕೆ ಆಗ್ತಿಲ್ಲ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಮಾರಿಬಿಡೋಣ. ಯಾಕಂದ್ರೆ ನನ್ನ ಕೈ..."

ಅಷ್ಟರಲ್ಲಿ ನಾನು ಗಾಡಿಯ ಕೀಲಿ ಹುಡುಕುತ್ತಿದ್ದೆ. ಸಮಸ್ಯೆ ಅರ್ಥವಾಗಿತ್ತು: ಭಾರ! ಪರಿಹಾರವೂ ಹೊಳೆದಿತ್ತು: ನಳಿಗೆಯ ಕೆಳಗೆ ಬಿಡಿಭಾಗ ಸಿಕ್ಕಿಸಲೆಂದೇ ಇರುವ ಕಂಬಿಗೆ ನೆಟ್ಟಗೆ ಇಳಿಬಿದ್ದಂತೆ ಒಂದು ಹಿಡಿ ಕಚ್ಚಿಸಿಬಿಡುವುದು. ಎಡಗೈ ಅದನ್ನು ಹಿಡಿದರೆ ಆಯಿತು. ಹಿಡಿ ಹಗುರವಾಗಿದ್ದರೆ ಮುಗಿದೇ ಹೋಯಿತು.

ಊರಿನ ಬಂದೂಕಿನ ಅಂಗಡಿ ಕ್ಲೀಟಸ್‌ನದು. ಅಗ್ನಿಶಾಮಕ ದಳದ ಮುಖ್ಯಸ್ಥನೂ ಅವನೇ. ಅವನು ಡಬ್ಬಿಗಳನ್ನು ಹರಡಿದ. ಡಬ್ಬಿಗಳ ಮೇಲಿನ ಚಿತ್ರ ನೋಡಿ ನನ್ನ ಮೈ ಉರಿಯಿತು. ಒಂದೊಂದರ ಮೇಲೂ ಗಡ್ಡದ ಯೋಧ, ಬೆಂಕಿ, ಹೆಲಿಕಾಪ್ಟರ್. ಅಯ್ಯಾ, ಹಿಡಿ ಮಾಡುವ ಮಹನೀಯರೇ, ನಾವು ಹೋಗುತ್ತಿರುವುದು ಯುದ್ಧಕ್ಕಲ್ಲ, ಹಂದಿ ತೊಡೆಗೆ! ಒಂದಾದರೂ ಡಬ್ಬಿಯ ಮೇಲೆ ಗಂಟುಬಿದ್ದ ಬೆರಳಿನ ಒಬ್ಬ ಅಜ್ಜಿಯ ಚಿತ್ರ ಹಾಕಲು ನಿಮಗೇನು ರೋಗ?

"ವರ್ನಾನ ಕರ್ಕೊಂಡು ಬಾರಯ್ಯ, ಅವಳ ಕೈಗೆ ಕೊಟ್ಟು ನೋಡೋಣ" ಎಂದ ಕ್ಲೀಟಸ್.

"ಅವಳಿಗೇನು ಬೇಕು ಅಂತ ನಂಗೆ ಗೊತ್ತು" ಎಂದೆ.

"ಎಲ್ಲ ಗಂಡಂದಿರೂ ಹಂಗೇ ಅಂತಾರೆ. ಆಮೇಲೆ ವಾಪಸ್ ತರ್ತಾರೆ."

ಕೆಲವನ್ನು ಪರೀಕ್ಷೆಗೆಂದು ಮನೆಗೆ ತಂದು ಅಡುಗೆಮನೆಯಲ್ಲಿ ತುಲಾಭಾರ ನಡೆಸಿದೆ. ವರ್ನಾಳ ಹಳೆಯ ತಕ್ಕಡಿಯ ಒಂದು ತಟ್ಟೆಯಲ್ಲಿ ಹಿಡಿ, ಇನ್ನೊಂದರಲ್ಲಿ ಮೊಟ್ಟೆ.

"ನನ್ನ ಮೊಟ್ಟೆ ಬಂದೂಕಿನ ಸಾಮಾನಿನ ಜೊತೆ ಯಾಕೆ ಕೂತಿದೆ?"

"ಸಂಶೋಧನೆ ವರ್ನಾ, ಸಂಶೋಧನೆ! ಈ ದಪ್ಪ ಪ್ಲಾಸ್ಟಿಕ್ ಗೂಟ ನೋಡು, ಮೊಟ್ಟೆಗಿಂತ ಭಾರ. ಛೀ!"

"ಕೊಡಿಲ್ಲಿ ನೋಡ್ತೀನಿ."

"ಅದನ್ನೇನು ನೋಡ್ತೀಯ, ಅನರ್ಹ ಆಗೋಯ್ತು."

"ಎಲ್ಡನ್, ರೈಫಲ್ ಭಾರ ಅಂತ ನಾನ್ಯಾವಾಗ ಅಂದೆ?"

"ನೀನು ಅನ್ನೋದು ಬೇಡ ಅಂತಾನೇ ನಾನು ಅರ್ಥ ಮಾಡ್ಕೊಂಡಿದ್ದು."

ಅವಳು ನನ್ನನ್ನೊಮ್ಮೆ ನೋಡಿ, ಮೊಟ್ಟೆ ಎತ್ತಿಕೊಂಡು ಹೋಗಿ ಆಮ್ಲೆಟ್ ಮಾಡಿದಳು. ನಾನು ಮಾತ್ರ ಕ್ಲೀಟಸ್‌ಗೆ ಫೋನು ಮಾಡಿ, ಜಗತ್ತಿನಲ್ಲಿ ಅತಿ ಹಗುರವಾದದ್ದು ಯಾವುದೋ ಅದನ್ನೇ ತರಿಸು ಎಂದು ಆಜ್ಞಾಪಿಸಿದೆ.

ಅದು ಬಂದದ್ದು ಪಂದ್ಯದ ಬೆಳಿಗ್ಗೆ. ಆಹಾ, ಏನು ಶಿಲ್ಪ! ತೂಕ ಇಳಿಸಲೆಂದು ಲೋಹವನ್ನೆಲ್ಲ ಕೊರೆದು ಕೊರೆದು, ಉಳಿದದ್ದು ಬರೀ ತೂತು. ತೂತುಗಳ ನಡುವೆ ಅಷ್ಟಿಷ್ಟು ಹಿಡಿ. ಓಡಿ ಬಂದು ವರ್ನಾಳ ಮುಂದೆ ಹಿಡಿದೆ.

"ನೋಡು! ಒಂದೇ ಬೆರಳಲ್ಲಿ ಎತ್ತಬಹುದು!"

ಎತ್ತಿ ತೋರಿಸಲು ಬಲಗೈ ತೋರುಬೆರಳನ್ನು ಒಂದು ತೂತಿನಲ್ಲಿ ತೂರಿಸಿದೆ. ಬೆರಳು ಹೋಯಿತು. ಬರಲಿಲ್ಲ.

ಬೆಣ್ಣೆ ಹಚ್ಚಿದೆವು. ಪಾತ್ರೆ ತೊಳೆಯುವ ಸೋಪು ಸುರಿದೆವು. ಹೊರಗೆ ಹಿಮದಲ್ಲಿ ಕೈ ಹೂತುಕೊಂಡು ನಿಂತೆ. ಬೆರಳು ಕೆಂಪಾಯಿತು, ಊದಿತು, ಅಲ್ಲೇ ಸಂಸಾರ ಹೂಡಿತು.

"ನೋಯ್ತಿದೆಯಾ?" ಎಂದಳು ವರ್ನಾ.

"ಮಡಚೋಕೇ ಆಗ್ತಿಲ್ಲ ಕಣೇ!"

"ಹೂಂ. ನಂಗೆ ಎರಡು ವರ್ಷದಿಂದ ಹಂಗೇ ಆಗ್ತಿದೆ. ಸಣ್ಣದನ್ನ ಹಿಡಿಯೋಕೆ ಮುಷ್ಟಿ ಮುಚ್ಚಲ್ಲ. ಅದನ್ನೇ ಅವತ್ತು ಹೇಳೋಕೆ ಹೊರಟಿದ್ದೆ, ನೀನು ಗಾಡಿ ಕೀಲಿ ಹುಡುಕ್ತಿದ್ದೆ. ಕೌಂಟಿ ಆಫೀಸಿನವರು ಜನ ಹೇಳೋದು ಪೂರ್ತಿ ಕೇಳಲ್ಲ ಅಂತ ವಾರ ವಾರ ಪೇಪರಲ್ಲಿ ನಿನ್ನ ಅಂಕಣದಲ್ಲಿ ಬೈತೀಯಲ್ಲ, ಅವರ ಅಪ್ಪ ಕಣೋ ನೀನು."

ಅವಳು ತನ್ನ ರೈಫಲ್ ಹೊರತೆಗೆದಳು. ಕೆಳಗಿನ ಕಂಬಿಯಲ್ಲಿ ಅದಾಗಲೇ ಒಂದು ಹಿಡಿ ಕಚ್ಚಿಕೊಂಡಿತ್ತು: ನಾನು ಅನರ್ಹಗೊಳಿಸಿದ ಅದೇ ದಪ್ಪ ಗೂಟ! ಅದರ ಮೇಲೆ, ಕುದುರೆಯ ಕಾಲು ಉಳುಕಿದರೆ ಕಟ್ಟುವ ಅಂಟುಪಟ್ಟಿಯನ್ನು ಸುತ್ತಿ ಸುತ್ತಿ ಮೆಕ್ಕೆಜೋಳದ ತೆನೆಯಷ್ಟು ದಪ್ಪ ಮಾಡಿದ್ದಳು. ಬಣ್ಣ ಅಪ್ಪಟ ನೇರಳೆ.

"ಮುಷ್ಟಿ ಮುಚ್ಚೋದೇ ಬೇಡ, ಸುಮ್ಮನೆ ಕೈ ಆನಿಸಿದ್ರೆ ಸಾಕು" ಎಂದಳು. "ಕೊಟ್ಟಿಗೆ ಹಿಂದೆ ದಿನಾ ಅಭ್ಯಾಸ ಮಾಡ್ತಿದ್ದೆ. ನೀನು ಬರೀತಾ ಕೂತಿದ್ದೆ, ನಿಂಗೆ ಗುಂಡಿನ ಸದ್ದೂ ಕೇಳಲ್ಲ."

ಪಂದ್ಯದ ಬಯಲಲ್ಲಿ ಕ್ಲೀಟಸ್ ನನ್ನ ಕೈಯನ್ನು ನೋಡಿ ಟೋಪಿ ತೆಗೆದ.

"ಅಲ್ಲಯ್ಯಾ, ಅದನ್ನ ರೈಫಲ್‌ಗೆ ಹಾಕೋದು, ಮನುಷ್ಯನಿಗಲ್ಲ. ಅದೂ ಟ್ರಿಗರ್ ಬೆರಳಿಗೆ!"

ಪಂದ್ಯಕ್ಕೆ ನಾನೂ ಹೆಸರು ಕೊಟ್ಟಿದ್ದೆ, ಅದನ್ನು ಹೊಡೆದುಹಾಕಿದರು. ಪೈ ಮೇಜಿನ ಹಿಂದೆ ಆಳು ಬೇಕಿತ್ತು. ಒಂದು ಕೈಯಲ್ಲಿ ಪೈ ಮಾರುತ್ತ, ಗುರಿಹಲಗೆಯ ಕಡೆ ಕತ್ತು ಚಾಚುತ್ತ ನಿಂತೆ. ವರ್ನಾ ನೇರಳೆ ತೆನೆಗೆ ಎಡಗೈ ಆನಿಸಿ, ಉಸಿರು ಬಿಟ್ಟು, ಹೊಡೆದಳು. ಮತ್ತೆ ಹೊಡೆದಳು. ಹಲಗೆ ತಂದು ನೋಡಿದರೆ ತೂತುಗಳೆಲ್ಲ ಒಂದರ ಮೇಲೊಂದು ಕೂತು ಮೂರು ದಳದ ಕ್ಲೋವರ್ ಎಲೆಯಂತಿದ್ದವು. (ನನ್ನ ಹಿಡಿಯಲ್ಲೂ ಬೇಕಾದಷ್ಟು ತೂತುಗಳಿದ್ದವು. ಪ್ರಯೋಜನ ಬೇರೆ.)

ಆಮೇಲೆ ಇಡೀ ಊರಿನ ಎದುರು, ಅಗ್ನಿಶಾಮಕ ಲಾರಿಯ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಬಾತುಕೊಂಡ ಬೆರಳಿಂದ ಉಂಗುರ ಕತ್ತರಿಸುವ ಪುಟ್ಟ ಗರಗಸದಲ್ಲಿ ಕ್ಲೀಟಸ್ ಆ ಶಿಲ್ಪವನ್ನು ಎರಡು ಹೋಳು ಮಾಡಿದ. ಒಂದು ಹೋಳನ್ನು ನನ್ನ ಅಂಗೈಗಿಟ್ಟ.

"ತಗೋ, ಈಗ ಇನ್ನೂ ಹಗುರ ಆಯ್ತು."

ಆ ರಾತ್ರಿ ಹಂದಿ ತೊಡೆ ಬಹಳ ಚೆನ್ನಾಗಿತ್ತು. ನನ್ನ ತುಂಡನ್ನು ವರ್ನಾಳೇ ಕೊಯ್ದು ಕೊಟ್ಟಳು. ಬ್ಯಾಂಡೇಜು ಕಟ್ಟಿದ ಬೆರಳಲ್ಲಿ ನನಗೆ ಚಾಕು ಹಿಡಿಯಲಾಗುತ್ತಿರಲಿಲ್ಲ. ಬ್ಯಾಂಡೇಜು ನೇರಳೆ ಬಣ್ಣದ್ದು.

ನಗುತ್ತಿದ್ದೀರಲ್ಲ? ನಗಿ. ಆದರೆ ನಿಮ್ಮ ಮನೆಯಲ್ಲೂ ಒಂದು ಕೈ ಇದೆ, ಅದಕ್ಕೇನಾಗಿದೆ ಎಂದು ನಿಮಗೆ ಚೆನ್ನಾಗಿ ಗೊತ್ತು ಎಂದು ನೀವೂ ನಂಬಿದ್ದೀರಿ. ಪೇಪರ್ ಕೆಳಗಿಡಿ. ಈಗಲೇ ಎದ್ದು ಹೋಗಿ ಕೇಳಿ. ಉತ್ತರ ಪೂರ್ತಿ ಮುಗಿಯುವ ತನಕ ಗಾಡಿಯ ಕೀಲಿ ಮುಟ್ಟಬೇಡಿ.