ಕಡಲಿಗೆ ಉಡಿ ತುಂಬಲು ಹೋದ ಅತ್ತಿ

ನಮ್ಮ ಸೋದರತ್ತಿಯ ಜೊತೆ ಊರ ಹೊರಗೆ ಕಾಲಿಟ್ಟರೆ ಸಾಕು, ಮನೆಗೆ ಬಂದು ಹೇಳಲು ಏನಾದರೊಂದು ಆಗಿಯೇ ಇರುತ್ತದೆ. ಆಗ ನಮ್ಮ ರೋಣ ತಾಲೂಕು ಮುಂಬೈ ಸರಕಾರಕ್ಕೆ ಸೇರಿತ್ತು. ಮುಶಿಗೇರಿಯ ಹೊಲದಲ್ಲಿ ತೋಡಿಸಿದ ಬಾವಿಗೆ ನೀರು ಬಿದ್ದರೆ ಕಡಲ ಗಂಗವ್ವನಿಗೆ ಉಡಿ ತುಂಬುತ್ತೇನೆಂದು ಅತ್ತಿ ಹರಕೆ ಹೊತ್ತಿದ್ದಳು. ನೀರು ಬಿತ್ತು. ಖಣ, ತೆಂಗಿನಕಾಯಿ, ಅಕ್ಕಿ ಕಟ್ಟಿಕೊಂಡು ರಾಜಧಾನಿ ಮುಂಬೈಗೆ ಹೊರಟೇಬಿಟ್ಟಳು. ಕರೆದೊಯ್ಯುವ ಕೆಲಸ ನನ್ನದು.

"ಗಂಗವ್ವ ಉಡಿ ಒಲ್ಲೆ ಅಂದ್ರ ಬಾವಿ ಬತ್ತತೈತಿ ತಮ್ಮಾ" ಎಂದು ದಾರಿಯುದ್ದಕ್ಕೂ ಅವಳಿಗೆ ಒಂದೇ ಭಯ.

ನಳದ ದೇವರು

ಪರಳದ ಚಾಳಿನಲ್ಲಿ, ಗಿರಣಿ ಕೆಲಸಕ್ಕಿದ್ದ ಗಜೇಂದ್ರಗಡದ ಗೆಳೆಯನ ಖೋಲಿಯಲ್ಲಿ ಇಳಿದೆವು. ಎಲ್ಲಕ್ಕೂ ಮೇಲಿನ ಅಂತಸ್ತು. ಪಡಸಾಲೆಯ ಕೊನೆಗಿದ್ದ ನಳವನ್ನು ಗೆಳೆಯ ತಿರುವಿದೊಡನೆ ನೀರು ಧುಮುಕಿತು. ಅತ್ತಿ ಬಾಯಿ ತೆರೆದು ನಿಂತಳು.

"ಇಷ್ಟ ಮ್ಯಾಲ ಯಾರ ಹೊತ್ತ ತರ್ತಾರಪಾ?"

"ಯಾರೂ ಇಲ್ರಿ ಅತ್ತ್ಯಾರ, ತಾನ ಏರಿ ಬರತೈತಿ."

ತಾನೇ ಏರಿ ಬರುವ ಗಂಗೆ! ಅತ್ತಿ ನಳಕ್ಕೆ ಕುಂಕುಮ ಹಚ್ಚಿ ಕೈಮುಗಿದಳು. ಅದನ್ನು ನೋಡಿ ಪಕ್ಕದ ಖೋಲಿಯವಳು ಹೂವೇರಿಸಿದಳು. ಸಂಜೆಗೆ ಚಾಳಿನವರೆಲ್ಲ ಚಪ್ಪಲಿ ಬಿಟ್ಟು ನೀರು ಹಿಡಿಯತೊಡಗಿದರು. ಮರುದಿನ ಗೆಳೆಯ ಬೇವಿನಕಡ್ಡಿ ಹಿಡಿದು ನನ್ನೆದುರು ಬಂದು ನಿಂತ.

"ದೇವರ ಮುಂದ ಉಗುಳಬ್ಯಾಡ ಅಂತಾರಲೇ. ನಾ ಎಲ್ಲಿ ಬಾಯಿ ತೊಳಕೊಳ್ಲಿ?"

ಬೀಗರ ನೀರು

ಗಿರಗಾಂವ ಸುತ್ತಿ ಚೌಪಾಟಿಗೆ ಬಂದೆವು. ಎದುರಿಗೇ ಕಡಲು. ಕೊಡ ಹಿಡಿದು ಪಾಳಿಗೆ ನಿಂತು ಬೆಳೆದವರು ನಾವು. ಇಲ್ಲಿ ಆಚೆ ದಂಡೆಯೇ ಇಲ್ಲದಷ್ಟು ನೀರು, ಹೇಳುವವರು ಕೇಳುವವರಿಲ್ಲದೆ ಬಿದ್ದಿತ್ತು. ಅತ್ತಿ ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದಳು.

"ಇದ ನಮ್ಮ ನರಗುಂದದ ಬೀಗರ ಬಾವಿ ನೀರ ಇದ್ದಂಗ ಐತಲ್ಲೊ! ಸವಳ ಅಂತ ಇಷ್ಟ ದಿನಾ ಆಡಿಕೊಂಡ್ನಲ್ಲ. ಇನ್ನ ಅವರ ಮನ್ಯಾಗ ನೀರ ಕೊಟ್ರ ಕಣ್ಣಿಗೆ ಒತ್ತಿಕೊಂಡ ಕುಡೀತೀನಿ."

ಆದರೆ ಉಡಿಯ ಗಂಟು ಬಿಚ್ಚಲಿಲ್ಲ. "ಈ ಗದ್ದಲದಾಗ ಹ್ಯಾಂಗ ಉಡಿ ತುಂಬ್ಲಿ? ನರೇಗಲ್ ಸಂತಿನ ಎಷ್ಟೋ ಚಲೋ" ಎಂದಳು.

ಗಂಗವ್ವನ ಮನೆ

ಗದ್ದಲವಿಲ್ಲದ ದಂಡೆ ಹುಡುಕಿ, ಲಾಂಚಿನಲ್ಲಿ ಕೊಲ್ಲಿ ದಾಟಿ, ಬಸ್ಸು ಹಿಡಿದು ಅಲಿಬಾಗಕ್ಕೆ ಹೋದೆವು. ಇಳಿಹೊತ್ತಿನಲ್ಲಿ ಕಡಲು ಅಲ್ಲಿ ಕಾಲ ಬುಡದಲ್ಲೇ ಇತ್ತು. ಮರುದಿನ ಸ್ನಾನ, ಪೂಜೆ ಮುಗಿಸಿ ಉಡಿ ಹಿಡಿದು ಹೋದರೆ ಬರೀ ಹಸಿ ಉಸುಕು! ನೀರು ಎಲ್ಲೋ ದೂರಕ್ಕೆ ಸರಿದಿತ್ತು.

"ಇಷ್ಟೂ ನೀರ ಯಾರ ಸೇದ್ಯಾರೊ!" ಎಂದು ಅತ್ತಿ ಕುಸಿದು ಕೂತಳು. "ನಾ ಬಂದದ್ದ ಆಕಿಗೆ ಬ್ಯಾಡಾಗೈತಿ."

ಬುಟ್ಟಿ ಹೊತ್ತು ಹೊರಟಿದ್ದ ಮೀನುಗಾರ್ತಿ ನಕ್ಕು, ನೀರು ತಿರುಗಿ ಬರುತ್ತದೆ ಎಂದು ಮರಾಠಿಯಲ್ಲಿ ಹೇಳಿದಳು. ಮಧ್ಯಾಹ್ನ ದಾಟುವಷ್ಟರಲ್ಲಿ ಬಂತು ಕೂಡ. ಅತ್ತಿ ಮೊಣಕಾಲುದ್ದ ನೀರಿನಲ್ಲಿ ನಿಂತು ಖಣದ ಗಂಟನ್ನು ಬಿಟ್ಟಳು. ತೆರೆ ಅದನ್ನು ಅವಳ ಕಾಲಿಗೇ ತಂದು ಹಾಕಿತು. ಮತ್ತೆ ಬಿಟ್ಟಳು, ಮತ್ತೆ ಬಂತು.

"ಒಲ್ಲೆ ಅಂದ್ಲೊ ತಮ್ಮಾ. ಬಾವಿ ಹೋತು." ಅತ್ತಿ ಅಳತೊಡಗಿದಳು.

ಅಷ್ಟರಲ್ಲಿ ದೊಡ್ಡದೊಂದು ತೆರೆ ಬಂದು ಅತ್ತಿಯನ್ನು ಉಸುಕಿನಲ್ಲಿ ಕುಕ್ಕರಿಸಿ, ಗಂಟನ್ನು ನೇರ ಅವಳ ಉಡಿಗೇ ಹಾಕಿ ಹೋಯಿತು. ಅತ್ತಿ ಅದನ್ನೇ ನೋಡಿದಳು. ಮುಖ ಅರಳಿತು.

"ಹುಚ್ಚಿ ನಾನು! ಮನಿಗೆ ಬಂದ ಹೆಣ್ಣಮಗಳನ್ನ ಬರೀ ಉಡೀಲೆ ಯಾರರ ಕಳಸ್ತಾರನು? ಗಂಗವ್ವ ನನಗ ತಿರುಗಿ ಉಡಿ ತುಂಬ್ಯಾಳ!"

ಸಡಿಲಾಗಿದ್ದ ಗಂಟು ಬಿಚ್ಚಿದಳು. ಅಕ್ಕಿ ಇರಲಿಲ್ಲ. ತೆಂಗಿನಕಾಯಿಯ ಪಕ್ಕ ಜೀವಂತ ಮೀನೊಂದು ಪಟಪಟ ಬಡಿಯುತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿದ ಅತ್ತಿ! ನಾನು ಹೌಹಾರಿದೆ.

"ಅಂಜಬ್ಯಾಡೊ. ಆಕಿ ಮನ್ಯಾಗ ಇದ್ದದ್ದನ್ನ ತುಂಬ್ಯಾಳ" ಎಂದು ಅತ್ತಿ ಮೀನನ್ನು ಎರಡೂ ಕೈಯಿಂದ ಎತ್ತಿ ನೀರಿಗೆ ಬಿಟ್ಟಳು. "ಮುಟ್ಟಿತ್ರಿ ಯವ್ವಾ, ನಿಮ್ಮ ಉಡಿ ಮುಟ್ಟಿತು. ಇದನ್ನಷ್ಟ ನೀವ ಇಟಗೊರ್ರಿ, ನಮ್ಮ ಮನ್ಯಾಗ ತಿನ್ನೂದಿಲ್ಲ."