ಬೇಕಾದಾಗ ಸಪುರವಾಗುವ ಟ್ರೇಲರ್

ಟ್ರೇಲರ್ ಮಾಡುವ ಕಸುಬಿನಲ್ಲಿ ಒಂದು ವಿಶೇಷ ಉಂಟು. ಎಂತ ಎಡವಟ್ಟಾದರೂ ಅದು ನಮ್ಮನ್ನು ಬಿಟ್ಟು ಹೋಗುವುದಿಲ್ಲ, ಹಿಂದೆಯೇ ಬರುತ್ತದೆ. ಹಾಗಾಗಿ ನನಗಾದ ಫಜೀತಿಗಳೆಲ್ಲ ಒಂದಕ್ಕೊಂದು ಕೊಂಡಿ ಹಾಕಿದ ಹಾಗೆ ಸಾಲಾಗಿ ನೆನಪಿಗೆ ಬರುತ್ತವೆ.

ನಾನು ಒಂದು ಕಂಪೆನಿಯಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದವ. ಅದನ್ನು ಬಿಟ್ಟು, ಗಲ್ಫಿನಿಂದ ವಾಪಸ್ ಬಂದಿದ್ದ ಭಾವನ ಜೊತೆ ಮಂಗಳೂರಿನ ಕುಲಶೇಖರದಲ್ಲಿ ಒಂದು ಶೆಡ್ ಹಾಕಿದೆ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಾವು ಮಾಡಹೊರಟದ್ದು ಕಾರು, ಜೀಪುಗಳ ಹಿಂದೆ ಕಟ್ಟಿ ಎಳೆಯುವ ಸಣ್ಣ ಟ್ರೇಲರ್. ಅದರ ಎರಡು ಚಕ್ರಗಳ ನಡುವಿನ ಅಂತರವನ್ನು ಬೇಕಾದ ಹಾಗೆ ಬದಲಾಯಿಸಲು ಆಗಬೇಕು. ಹೈವೇಯಲ್ಲಿ ಕಾಲು ಅಗಲಿಸಿ ಗಟ್ಟಿಯಾಗಿ ನಿಲ್ಲಬೇಕು, ಓಣಿಯಲ್ಲಿ ಕಾಲು ಕೂಡಿಸಿ ಸಪುರವಾಗಿ ನುಗ್ಗಬೇಕು, ಗುಂಡಿಗೆ ಇಳಿದರೂ ಒಳಗಿನ ಸಾಮಾನು ಕುಣಿಯಬಾರದು. ಕುಲುಕು ತಡೆಯುವ ಆ ಸ್ಪ್ರಿಂಗಿನ ಏರ್ಪಾಡಿಗೇ ಸಸ್ಪೆನ್ಷನ್ ಎನ್ನುವುದು. ನಮ್ಮ ಮಂಗಳೂರಿನ ಓಣಿ, ಹೈವೇ, ಗುಂಡಿ ಮೂರನ್ನೂ ಕಂಡವರಿಗೆ ಇದು ಯಾಕೆ ಬೇಕು ಎಂದು ವಿವರಿಸುವ ಅಗತ್ಯ ಇರಲಿಲ್ಲ. ಉಳಿದ ಎಲ್ಲವನ್ನೂ ವಿವರಿಸಬೇಕಾಯಿತು.

ದೊಡ್ಡಪ್ಪನ ವಿಶೇಷ ಪೂಜೆ

ಕೆಲಸ ಬಿಟ್ಟ ಹೊಸತರಲ್ಲಿ ಯಾರೇ ಕೇಳಿದರೂ ಅಮ್ಮ ಒಂದೇ ಉತ್ತರ ಕೊಡುತ್ತಿದ್ದರು. "ಅವ ಈಗ ಸಸ್ಪೆನ್ಷನ್‌ನಲ್ಲಿ ಇದ್ದಾನೆ." ನಾನು ಹೇಳಿಕೊಟ್ಟದ್ದು "ಸಸ್ಪೆನ್ಷನ್ ಕೆಲಸದಲ್ಲಿ" ಎಂದು. ಅಮ್ಮ ಕೆಲಸವನ್ನು ಬಿಟ್ಟು ಉಳಿದದ್ದನ್ನು ಊರಿಗೆಲ್ಲ ಹೇಳಿದರು.

ನನ್ನ ದೊಡ್ಡಪ್ಪ ದೇವಸ್ಥಾನದಲ್ಲಿ ಅರ್ಚಕರು. ಒಂದು ಬೆಳಿಗ್ಗೆ ಬಾಳೆಲೆಯಲ್ಲಿ ಪ್ರಸಾದ ಕಟ್ಟಿಕೊಂಡು ನೇರ ಶೆಡ್ಡಿಗೇ ಬಂದರು. ಬಾಗಿಲು ಅರ್ಧ ಮುಂದೆ ಮಾಡಿ, ದನಿ ತಗ್ಗಿಸಿ, "ಎಂತ ಮಾಡಿದ್ದು ನೀನು? ನನ್ನ ಹತ್ತಿರ ಹೇಳು, ಹೊರಗೆ ಹೋಗುದಿಲ್ಲ" ಎಂದರು.

"ಎಂತ ಮಾಡುದು ದೊಡ್ಡಪ್ಪ? ಸಸ್ಪೆನ್ಷನ್ ಮಾಡ್ತಾ ಇದ್ದೇನೆ."

"ನೀನು ಮಾಡುದಾ? ಅದು ಅವರು ಮಾಡುದಲ್ಲವಾ?"

"ಅವರಿಗೆ ಇಂಥದ್ದು ಬರುದಿಲ್ಲ. ಅದಕ್ಕೇ ನಾನು ಬಿಟ್ಟದ್ದು."

ದೊಡ್ಡಪ್ಪ ನನ್ನ ತಲೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದರು. "ಹೆದರಬೇಡ. ನಿನ್ನ ಹೆಸರಲ್ಲಿ ವಿಶೇಷ ಪೂಜೆ ಮಾಡಿಸಿದ್ದೇನೆ. ಮಳೆಗಾಲದ ಮೊದಲು ಸಸ್ಪೆನ್ಷನ್ ತೆಗೀತಾರೆ, ನೋಡು ಬೇಕಾದರೆ."

ಸಸ್ಪೆನ್ಷನ್ ತೆಗೆದರೆ ನನ್ನ ಟ್ರೇಲರ್ ನೆಲಕ್ಕೆ ಕೂರುತ್ತದೆ. ಆದರೂ ಪ್ರಸಾದ ತಿಂದು, "ಹಾಗೆ ಆಗದಿರಲಿ ಅಂತ ಇನ್ನೊಂದು ಪೂಜೆ ಮಾಡಿಸಿ" ಎಂದೆ. ಇವನಿಗೆ ತಲೆಗೂ ಪೆಟ್ಟಾಗಿದೆ ಎಂದು ದೊಡ್ಡಪ್ಪ ಅಮ್ಮನಿಗೆ ಫೋನು ಮಾಡಿದರು.

ಬೆಡ್‌ಶೀಟ್ ಪಾಠ

ಭಾವನಿಗೆ ಗಲ್ಫಿನಲ್ಲಿ ಅಂಗಡಿ ನಡೆಸಿ ಗೊತ್ತೇ ಹೊರತು ಯಂತ್ರ ಗೊತ್ತಿಲ್ಲ. ನಾವು ಮಾಡುತ್ತಿದ್ದದ್ದು ಸಾಧಾರಣ ಪಟ್ಟಿ ಸ್ಪ್ರಿಂಗ್ ಅಲ್ಲ, ಟಾರ್ಷನ್ ಸ್ಪ್ರಿಂಗ್, ಅಂದರೆ ತಿರುಚಿಕೊಳ್ಳುವ ಜಾತಿಯದ್ದು. ಒಂದು ಚೌಕ ಕೊಳವೆ, ಒಳಗೊಂದು ಚೌಕ ಸರಳು, ಸಂದಿಗೆಲ್ಲ ರಬ್ಬರ್. ಚಕ್ರ ಗುಂಡಿಗೆ ಇಳಿದಾಗ ಸರಳು ತಿರುಚುತ್ತದೆ, ರಬ್ಬರ್ ಅದನ್ನು ವಾಪಸ್ ತರುತ್ತದೆ. ಇದನ್ನು ಎಷ್ಟು ಹೇಳಿದರೂ ಭಾವ, "ಸುತ್ತಿ ಸುತ್ತಿ ನಿನ್ನ ಮಾತೇ ತಿರುಚಿಹೋಗ್ತದೆ ಮಾರಾಯ" ಎನ್ನುತ್ತಿದ್ದರು.

ಒಂದು ಭಾನುವಾರ ನಮ್ಮ ತಾರಸಿಯಲ್ಲಿ ಹೆಂಡತಿ ಒಗೆದಿಟ್ಟ ಬೆಡ್‌ಶೀಟ್ ಕಂಡಿತು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಭಾವನಿಗೆ ಕೊಟ್ಟೆ. "ತಿರುಚಿ." ತಿರುಚಿದರು. ನೀರು ಸುರಿಯಿತು. "ಇನ್ನೂ ತಿರುಚಿ. ಈಗ ಕೈ ಸಡಿಲ ಬಿಡಿ." ಬೆಡ್‌ಶೀಟ್ ಗಿರ್ರನೆ ಹಿಂದಕ್ಕೆ ಸುತ್ತಿತು. ಭಾವನ ಮುಖ ಅರಳಿತು. "ಓಹೋ! ಇಷ್ಟೇಯಾ!" ಖುಷಿಯಲ್ಲಿ ಇನ್ನೊಂದು ಬೆಡ್‌ಶೀಟ್ ಎತ್ತಿದೆವು. ಆಮೇಲೆ ಎರಡು ಸೀರೆ. ಲುಂಗಿಗೂ ಬೆಡ್‌ಶೀಟಿಗೂ ತಿರುಚುವ ಬಲದಲ್ಲಿ ಇರುವ ವ್ಯತ್ಯಾಸವನ್ನು ನಾನು ವಿವರಿಸುತ್ತಿದ್ದಾಗ ಹೆಂಡತಿ ಮೆಟ್ಟಿಲಲ್ಲಿ ನಿಂತಿದ್ದಳು. ಬಾಯಿಗೆ ಸೆರಗು.

"ಮದುವೆಯಾದಲ್ಲಿಂದ ನಾನು ಬಟ್ಟೆ ಹಿಂಡ್ಲಿಕ್ಕೆ ಕರೆದರೆ ನಿಮಗೆ ಸೊಂಟನೋವು. ಇವತ್ತು ಎಂತ?"

"ಇದು ಬಟ್ಟೆ ಹಿಂಡುದಲ್ಲ, ಟಾರ್ಷನ್" ಎಂದೆ, ಸ್ವಲ್ಪ ಗತ್ತಿನಲ್ಲೇ.

ಅಂದಿನಿಂದ ಪ್ರತಿ ಭಾನುವಾರ ತಾರಸಿಯಿಂದ ಕರೆ ಬರುತ್ತದೆ. "ಕೇಳಿತಾ? ಎರಡು ಬಕೆಟ್ ಟಾರ್ಷನ್ ಉಂಟು, ಬನ್ನಿ."

ಓಣಿಗೆ ಟೇಪು ಹಿಡಿದದ್ದು

ನಮ್ಮ ಮೊದಲ ಗಿರಾಕಿ ಕುದ್ರೋಳಿಯ ಒಬ್ಬರು ಅಕ್ಕ. ಕೇಟರಿಂಗ್ ಮಾಡುವವರು. ಅವರ ಅಡುಗೆಮನೆ ಇರುವ ಓಣಿಗೆ ಜೀಪು ಹೇಗೋ ನುಗ್ಗುತ್ತದೆ, ಟೆಂಪೋ ನುಗ್ಗುವುದಿಲ್ಲ. ಸಾಂಬಾರಿನ ಕೊಪ್ಪರಿಗೆಗಳನ್ನು ಹೊತ್ತು ಹೊತ್ತು ಅವರ ಕೆಲಸದವರ ಹೆಗಲು ಹೋಗಿತ್ತು. "ಸುರತ್ಕಲ್‌ನಲ್ಲಿ ಒಂದು ದೊಡ್ಡ ಮದುವೆ ಒಪ್ಪಿಕೊಂಡಿದ್ದೇನೆ. ಅದಕ್ಕೆ ನಿಮ್ಮ ಗಾಡಿ ಬಂದರೆ ಬಂತು. ಇಲ್ಲದಿದ್ದರೆ ಮುಂದೆ ನಿಮ್ಮ ಸುದ್ದಿ ನನಗೆ ಬೇಡ" ಎಂದು ಖಡಾಖಂಡಿತ ಹೇಳಿದರು. ಎಲ್ಲ ಕೇಟರಿಂಗ್‌ನವರಿಗೂ ಅವರ ಮಾತೆಂದರೆ ಮಾತು. ಅವರು ಬೇಡ ಎಂದರೆ ನಮ್ಮ ಶೆಡ್ಡಿಗೆ ಬೀಗವೇ.

ಹಾಗಾಗಿ ಓಣಿಯ ಅಗಲ ತಪ್ಪಬಾರದು ಎಂದು ನಾನೂ ಭಾವನೂ ಟೇಪು ಹಿಡಿದು ಹೋದೆವು. ಭಾವನ ತಲೆಗೆ ಬಿಸಿಲಿಗೆಂದು ಗಲ್ಫಿನ ಹಳದಿ ಹೆಲ್ಮೆಟ್. ಆ ಗೋಡೆಯಿಂದ ಈ ಗೋಡೆಗೆ ಟೇಪು ಎಳೆದದ್ದೇ ತಡ, ಒಂದೊಂದೇ ಕಿಟಕಿ ತೆರೆಯಿತು. ಒಬ್ಬರು ಹೂಕುಂಡಗಳನ್ನು ಸರಸರ ಒಳಗಿಟ್ಟರು. ಇನ್ನೊಬ್ಬರು ಗೇಟಿನ ಹೊರಗೆ ಕಟ್ಟಿದ ಮೆಟ್ಟಿಲ ಮೇಲೆ ಚಾಪೆ ಹಾಸಿ, ಅದರ ಮೇಲೆ ಕೂತುಬಿಟ್ಟರು. ಒಬ್ಬರು ಹಿರಿಯರು ನಮಗೆ ಶರಬತ್ತು ತಂದು, "ನಮ್ಮ ಕಂಪೌಂಡು ಅಜ್ಜನ ಕಾಲದ್ದು ಸಾರ್. ಎದುರಿನವರದ್ದು ಈಚೆಗೆ ಕಟ್ಟಿದ್ದು, ಅದು ಒಡೀಲಿಕ್ಕೆ ಸುಲಭ" ಎಂದರು. ಎದುರಿನವರು ಅದನ್ನು ಕೇಳಿಸಿಕೊಂಡು ಹೊರಗೆ ಬಂದರು. ಮಾತು ಮಾತಿಗೆ ಬೆಳೆಯಿತು. ನಾವು ಅಳೆಯುತ್ತಿದ್ದ ಟೇಪನ್ನೇ ಇಬ್ಬರೂ ಒಂದೊಂದು ಕಡೆಗೆ ಎಳೆಯತೊಡಗಿದರು.

ನಾನು ಗ್ಲಾಸಿನ ಸಮೇತ ಕೈಮುಗಿದು, "ಮಾರಾಯ್ರೇ, ನಾವು ರೋಡು ಅಗಲ ಮಾಡುವವರಲ್ಲ. ನಾವು ಗಾಡಿಯನ್ನು ಸಪುರ ಮಾಡುವವರು" ಎಂದೆ.

ಇಬ್ಬರೂ ಟೇಪು ಕೈಬಿಟ್ಟರು. ಹಿರಿಯರು ನನ್ನ ಕೈಯಿಂದ ಶರಬತ್ತಿನ ಗ್ಲಾಸು ವಾಪಸ್ ತೆಗೆದುಕೊಂಡು, ಎದುರಿನವರ ಕಡೆ ತಿರುಗಿ ಹೇಳಿದರು, "ನೋಡಿ, ಇಷ್ಟು ಬುದ್ಧಿ ಸರ್ಕಾರದವರಿಗೆ ಮೊದಲೇ ಬರಬಾರದಿತ್ತಾ?"

ತೂಕದ ಮಾತು

ಮದುವೆ ಹತ್ತಿರ ಬಂತು. ಟ್ರೇಲರ್ ತಯಾರಾಯಿತು. ಭಾರ ಹೇರಿ ನೋಡುವುದು ಬಾಕಿ. ಅದಕ್ಕೆ ಮರಳಿನ ಚೀಲ ಬೇಕು. ನಮ್ಮ ಊರಿನಲ್ಲಿ ಮರಳು ಸಿಗುವುದಕ್ಕಿಂತ ಮನುಷ್ಯರು ಸಿಗುವುದು ಸುಲಭ. ದಿನಾ ಬೆಳಿಗ್ಗೆ ಶೆಡ್ಡಿನ ಎದುರಿನಿಂದ ವಾಕಿಂಗ್ ಹೋಗುವ ಗಂಡಸರ ಒಂದು ತಂಡ ಇತ್ತು. ಭಾವ ಅವರನ್ನು ಉಪಾಯದಿಂದ ಕರೆದು ಟ್ರೇಲರಿಗೆ ಹತ್ತಿಸಿದರು. ಒಬ್ಬೊಬ್ಬರೂ ತಮ್ಮ ತೂಕ ಹೇಳಿದರು, ನಾನು ಕೂಡಿಸಿದೆ.

ಟ್ರೇಲರ್ ಕುಸಿಯಿತು. ನಾನು ಎಣಿಸಿದ್ದಕ್ಕಿಂತ ಎಷ್ಟೋ ಕೆಳಗೆ. ಚಕ್ರದ ಮೇಲಿನ ತಗಡು ಟಯರಿಗೆ ತಾಗುವುದೊಂದು ಬಾಕಿ. ರಬ್ಬರ್ ಮೆದುವಾಯಿತಾ? ಲೆಕ್ಕ ತಪ್ಪಿತಾ? ಎಲ್ಲ ಬಿಚ್ಚಿ ಮೊದಲಿನಿಂದ ಮಾಡಲು ಸಮಯ ಎಲ್ಲಿ ಉಂಟು? ಭಾವ ಆಗಲೇ ಬೆವರು ಒರೆಸುತ್ತ, "ವೀಸಾ ಇನ್ನೂ ಕ್ಯಾನ್ಸಲ್ ಮಾಡ್ಲಿಲ್ಲ ನಾನು" ಎಂದು ಗೊಣಗಿದರು.

ಅಷ್ಟರಲ್ಲಿ ತಂಡದ ಒಬ್ಬರನ್ನು ತಿಂಡಿಗೆ ಕರೆಯಲು ಅವರ ಹೆಂಡತಿ ಬಂದರು. ನಾನು ಸಪ್ಪೆ ಮುಖ ಮಾಡಿ ವಿಷಯ ಹೇಳಿ, ಅವರ ಗಂಡ ಕೊಟ್ಟ ತೂಕವನ್ನೂ ಹೇಳಿದೆ. ಅವರು ಗೋಡೆ ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದರು. "ಅದು ಮದುವೆ ಆಲ್ಬಮ್ಮಿನಲ್ಲಿ ಇರುವ ಇವರ ತೂಕ ಮಾರಾಯ್ರೇ!"

ಪಕ್ಕದ ಗುಜರಿ ಅಂಗಡಿಯಿಂದ ತೂಕದ ಮೆಶಿನ್ ತರಿಸಿದೆವು. ಒಬ್ಬೊಬ್ಬರೂ ಬೂಟ್ಸು ಬಿಚ್ಚಿ, ಮೊಬೈಲು ಕೆಳಗಿಟ್ಟು, ಉಸಿರು ಹೊರಗೆ ಬಿಟ್ಟು ಹತ್ತಿದರು. ಹೊಸ ಮೊತ್ತ ಕೂಡಿಸಿ ನೋಡಿದರೆ ಟ್ರೇಲರ್ ಎಷ್ಟು ತಗ್ಗಬೇಕಿತ್ತೋ ಸರಿಯಾಗಿ ಅಷ್ಟೇ ತಗ್ಗಿತ್ತು. ಅಲ್ಲಿ ಸತ್ಯ ಹೇಳಿದ್ದು ರಬ್ಬರ್ ಒಂದೇ.

ಮರುದಿನದಿಂದ ಆ ತಂಡದವರು ಇನ್ನೂ ಶ್ರದ್ಧೆಯಿಂದ ವಾಕಿಂಗ್ ಮಾಡುತ್ತಿದ್ದಾರೆ ಎಂದು ಕೇಳಿದೆ. ನಮ್ಮ ಶೆಡ್ ಇಲ್ಲದ ರಸ್ತೆಯಲ್ಲಿ.

ಪಾಯಸದ ಸವಾರಿ

ಮದುವೆಯ ದಿನ ಬೆಳಿಗ್ಗೆ ಭಾವ ಜೀಪು ತೊಳೆದು ಮುಂದೆ ದೊಡ್ಡದೊಂದು ಮಲ್ಲಿಗೆ ಮಾಲೆ ಕಟ್ಟಿದರು. ಮೊದಲ ಸವಾರಿಯಲ್ಲವಾ? ಟ್ರೇಲರಿಗೂ ಹೂ. ಅವರು ರೇಷ್ಮೆ ಪಂಚೆ, ಜರಿ ಶಾಲು, ಕತ್ತಿನಲ್ಲಿ ಗಲ್ಫಿನ ಚೈನು ಹಾಕಿದ್ದರು. ಊಟಕ್ಕೂ ಕರೆದಿದ್ದಾರಲ್ಲ ಎಂದು ನಾನೂ ಬಿಳಿ ಪಂಚೆ ಉಟ್ಟೆ.

ಕುದ್ರೋಳಿಯ ಓಣಿಯಲ್ಲಿ ಟ್ರೇಲರ್ ಮೈ ಮುದುಡಿಕೊಂಡು ಎರಡೂ ಗೋಡೆಗಳಿಗೆ ತಾಗದೆ ಒಳಗೆ ಹೋಯಿತು. ಪಾಯಸದ ದೊಡ್ಡ ಕೊಪ್ಪರಿಗೆ ಏರಿಸಿ, ಮುಚ್ಚಳ ಬಿಗಿದು, ಹಗ್ಗದಿಂದ ಕಟ್ಟಿದೆವು. ಮುಖ್ಯ ರಸ್ತೆಗೆ ಬಂದ ಮೇಲೆ ಚಕ್ರ ಬಿಗಿದಿಟ್ಟ ಪಿನ್ನು ತೆಗೆದು ಚಕ್ರ ಹೊರಗೆಳೆದು ಅಗಲ ಮಾಡಿದೆವು. ಅಕ್ಕ ಉಳಿದ ಅಡುಗೆಯ ಜೊತೆ ಟೆಂಪೋದಲ್ಲಿ ಹಿಂದೆ ಬರುತ್ತಿದ್ದರು. ಹೈವೇಯಲ್ಲಿ ಒಂದೊಂದು ಗುಂಡಿ ಬಂದಾಗಲೂ ನನ್ನ ಜೀವ ಕೊಪ್ಪರಿಗೆಯೊಳಗೆ.

ಸುರತ್ಕಲ್‌ನ ಮದುವೆ ಹಾಲಿನ ಗೇಟಿಗೆ ಜೀಪು ತಿರುಗಿದ್ದೇ ವಾದ್ಯ ಭೋರೆಂದು ಶುರುವಾಯಿತು. ಹೂವಿನ ಜೀಪು, ಜರಿ ಶಾಲು. ಗಂಡಿನ ಕಡೆಯವರು ಬಂದರು ಎಂದು ಗೇಟಿನಲ್ಲಿದ್ದ ಹುಡುಗಿಯ ಕಡೆಯವರು ತಿಳಿದುಕೊಂಡಿದ್ದರು. ನನಗೆ ಅದು ಹೊಳೆಯುವ ಮೊದಲೇ ಯಾರೋ ಭಾವನನ್ನು ಕೆಳಗಿಳಿಸಿ ಕಾಲಿಗೆ ನೀರು ಹೊಯ್ದರು, ಬೆಲ್ಲ ನೀರು ಕೊಟ್ಟರು. ಕೇಟರಿಂಗ್‌ನವರಿಗೆ ಇಷ್ಟು ಮರ್ಯಾದೆಯಾ ಎಂದು ಭಾವ ಸಂತೋಷದಿಂದ ಬೆಲ್ಲ ತಿಂದರು.

ಹುಡುಗಿಯ ಅಪ್ಪ ಕೈಮುಗಿದು ಬಂದು, "ಮದುಮಗ ಎಲ್ಲಿ?" ಎಂದರು. ವಾದ್ಯದ ಗದ್ದಲದಲ್ಲಿ ಭಾವನಿಗೆ ಕೇಳಿಸಿದ್ದು "ಎಲ್ಲಿ" ಒಂದೇ.

"ಹಿಂದೆ, ಟ್ರೇಲರಿನಲ್ಲಿ!"

"ಟ್ರೇಲರಿನಲ್ಲಾ?"

"ಮತ್ತೆ? ಮುಂದೆ ಜಾಗ ಎಲ್ಲಿ ಉಂಟು? ಹೆದರಬೇಡಿ, ಹಗ್ಗದಲ್ಲಿ ಸರಿಯಾಗಿ ಕಟ್ಟಿ ಹಾಕಿದ್ದೇವೆ. ಮಿಸುಕಾಡ್ಲಿಕ್ಕೆ ಆಗುದಿಲ್ಲ."

"ಕಟ್ಟಿ... ಕಟ್ಟಿ ಹಾಕಿದ್ದಾ?"

"ಹಾಗೇ ಬಿಟ್ಟರೆ ದಾರಿಯಲ್ಲಿ ಹೊರಗೆ ಹಾರುದಿಲ್ವಾ?"

ಜೀಪಿನ ಈಚೆ ಬದಿಯಲ್ಲಿದ್ದ ನನಗೆ ಇಷ್ಟು ಕೇಳಿಸಿತು. ಅವರ ಮುಖ ಬಿಳುಚಿದ್ದೂ ಕಂಡಿತು. ನಾನು ಸುತ್ತು ಹಾಕಿ ಓಡುವಷ್ಟರಲ್ಲಿ ಅವರು ಆಚೆ ಈಚೆ ನೋಡಿ, ಭಾವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಭಾವ ತಬ್ಬಿಬ್ಬಾದರು. ಅದೇ ಹೊತ್ತಿಗೆ ನಮ್ಮ ಹಿಂದೆ ನಿಜವಾದ ಗಂಡಿನ ಕಾರು ಹಾರ್ನ್ ಹಾಕಿತು. ಮದುಮಗ ಕಿಟಕಿಯಿಂದ ತಲೆ ಹೊರಹಾಕಿ, "ಸ್ವಲ್ಪ ಸೈಡ್ ಕೊಡ್ತೀರಾ?" ಎಂದ. ಪಾಪ, ಅವರ ಪಾಲಿನ ಬೆಲ್ಲ ಮುಗಿದಿತ್ತು. ಒಳಗಿನಿಂದ ಬೇರೆ ತರಿಸಬೇಕಾಯಿತು.

ಅಡುಗೆಯ ಬದಿಗೆ ಹೋಗಿ ಅಕ್ಕನ ಎದುರು ಮುಚ್ಚಳ ತೆಗೆದೆವು. ಮುಚ್ಚಳದ ಅಡಿಯಲ್ಲಿ ಒಂದು ಹನಿ ಸಹ ಸಿಡಿದಿರಲಿಲ್ಲ. ತೇಲುತ್ತಿದ್ದ ಗೋಡಂಬಿ ಕುದ್ರೋಳಿಯಲ್ಲಿ ಎಲ್ಲಿತ್ತೋ ಅಲ್ಲಿಯೇ ಇದ್ದ ಹಾಗೆ ಕಂಡಿತು. ಅಕ್ಕ ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, "ಇನ್ನೊಂದು ಗಾಡಿ ಬೇಕು, ಸಾಂಬಾರಿಗೆ" ಎಂದರು. ನನಗೆ ಕಣ್ಣು ತುಂಬಿತು. ಹೊಗೆ ಎಂದು ಹೇಳಿಕೊಂಡೆ.

ಊಟಕ್ಕೆ ಕೂತಾಗ ಭಾವ ಒಬ್ಬರೇ ಎಲೆಯ ಮೇಲೆ ಬಾಗಿ ನಗುತ್ತಿದ್ದರು. "ಎಂತ ಭಾವ? ಅವರು ನಿಮ್ಮ ಕಿವಿಯಲ್ಲಿ ಹೇಳಿದ್ದು ಎಂತದು?" ಎಂದೆ.

ಭಾವ ಸೌಟಿನವನಿಗೆ ಇನ್ನಷ್ಟು ಪಾಯಸ ಹಾಕು ಎಂದು ಸನ್ನೆ ಮಾಡಿ ಹೇಳಿದರು.

"ಹುಡುಗನ ಹಗ್ಗ ಈಗಲೇ ಬಿಚ್ಚಬೇಡಿ, ಮುಹೂರ್ತ ಒಂದು ಮುಗಿಯಲಿ ಅಂದರು ಮಾರಾಯ."